ಕರೆಯಬಹುದು, ಎಳೆಯಬಾರದು

ಇಂಗ್ಲೆಂಡ್ ಮತ್ತು ವೇಲ್ಸ್‌ನ 2021ರ ಜನಗಣತಿಯಲ್ಲಿ ಕ್ರೈಸ್ತರೆಂದು ಹೇಳಿಕೊಂಡವರು ಶೇ 46.2; ಧರ್ಮವಿಲ್ಲ ಎಂದವರು ಶೇ 37.2. ಆದರೂ ಕೇಂಬ್ರಿಜ್‌ನ ಕಿಂಗ್ಸ್ ಕಾಲೇಜಿನಲ್ಲಿ 1918ರಲ್ಲಿ ಆರಂಭವಾದ ಕ್ರಿಸ್‌ಮಸ್ ಮುನ್ನಾದಿನದ ಆರಾಧನೆ ಇಂದಿಗೂ ರೇಡಿಯೊದಲ್ಲಿ ಮನೆಮನೆ ತಲುಪುತ್ತದೆ. ಪಕ್ಕವಾದ್ಯವಿಲ್ಲದೆ ಬಾಲಕನೊಬ್ಬ ಆರಂಭದ ಗೀತೆಯ ಮೊದಲ ಚರಣ ಹಾಡುತ್ತಾನೆ. ಕೇಳುಗನ ನಂಬಿಕೆ ಯಾವುದೆಂದು ಯಾರೂ ವಿಚಾರಿಸುವುದಿಲ್ಲ. ಇದೂ ಮತಪ್ರಚಾರವಲ್ಲವೇ ಎಂಬ ಆಕ್ಷೇಪ ಸಹಜ. ಇರಬಹುದು. ಆದರೆ ಜಾತ್ಯತೀತತೆ ಎಂದರೆ ನಂಬುವವರ ಬಾಯಿ ಮುಚ್ಚಿಸುವುದಲ್ಲ, ಕೇಳುವವರಿಗೆ ಎದ್ದುಹೋಗುವ ಸ್ವಾತಂತ್ರ್ಯ ಉಳಿಸುವುದು. ಹಬ್ಬದ ಊಟಕ್ಕೆ ಪ್ರಾರ್ಥನೆಯ ಷರತ್ತು ಹಾಕಿದರೆ ಅದು ಹಂಚಿಕೆಯಲ್ಲ, ವ್ಯಾಪಾರ. ಹಾಗೆಂದು ಮೌನವೇ ಸೌಜನ್ಯವೂ ಅಲ್ಲ. ಹಬ್ಬದ ಕಾರಣ ಹೇಳದೆ ಕೇಕ್ ಮಾತ್ರ ಹಂಚುವುದು ಅರ್ಧ ಆತಿಥ್ಯ. ಗೋದಲಿಯ ಮಗುವಿನ ಕಥೆಗೆ ಅಧಿಕಾರದ ದನಿ ಬೇಕಿಲ್ಲ. ‘ಬನ್ನಿ’ ಎಂದರೆ ಸಾಕು.