ಬಾಗಿಲು ಹಾಕುವುದು ತಪ್ಪೇ?

ಈ ತಿಂಗಳು ನಿಮಗೊಂದು ಪ್ರಶ್ನೆ: ನಷ್ಟದಲ್ಲಿರುವ ಕಂಪನಿಯನ್ನು ಮುಚ್ಚುವ ಅಧಿಕಾರಿಗಳು ತಪ್ಪು ಮಾಡುತ್ತಾರಾ?

2018ರಲ್ಲಿ ಅಮೆರಿಕದ ಟಾಯ್ಸ್ ಆರ್ ಅಸ್ ಅಂಗಡಿಗಳು ಮುಚ್ಚಿದ್ದು ನಿಮಗೆ ನೆನಪಿರಬಹುದು. ಆಗ ನನಗೆ ಒಂಬತ್ತು ವರ್ಷ. ಕೊನೆಯ ಸೇಲ್‌ನಲ್ಲಿ ಲೆಗೊ ಅರ್ಧ ಬೆಲೆಗೆ ಸಿಕ್ಕಿತೆಂದು ಕುಣಿದಾಡಿದ್ದೆ. ಬಿಲ್ ಮಾಡಿಕೊಟ್ಟವರ ಕೆಲಸ ಹೋಗುತ್ತಿದೆ ಎಂಬುದು ಹೊಳೆಯಲೇ ಇಲ್ಲ.

ಈ ವರ್ಷ ಎಕನಾಮಿಕ್ಸ್ ಕ್ಲಾಸಿಗಾಗಿ ಅದೇ ಕಂಪನಿಯ ಬಗ್ಗೆ ಓದಿದೆ. 2005ರಲ್ಲಿ ಮೂರು ಹೂಡಿಕೆ ಸಂಸ್ಥೆಗಳು ಅದನ್ನು ಸುಮಾರು 660 ಕೋಟಿ ಡಾಲರಿಗೆ ಕೊಂಡವು. ಅದರಲ್ಲಿ ಬಹುಪಾಲು ಸಾಲ. ಆ ಸಾಲ ಬಿದ್ದದ್ದು ಕಂಪನಿಯ ತಲೆಯ ಮೇಲೆ! ವರ್ಷಕ್ಕೆ ಸುಮಾರು 40 ಕೋಟಿ ಡಾಲರ್ ಸಾಲ ತೀರಿಸುವುದಕ್ಕೇ ಹೋಗುತ್ತಿತ್ತು. ಅಮೆಜಾನ್, ವಾಲ್‌ಮಾರ್ಟ್ ಜೊತೆ ಪೈಪೋಟಿ ಮಾಡಲು ಬೇಕಾದಷ್ಟು ಹಣ ಉಳಿಯಲಿಲ್ಲ. 2017ರ ಸೆಪ್ಟೆಂಬರಿನಲ್ಲಿ ಕಂಪನಿ ದಿವಾಳಿ ಅರ್ಜಿ ಹಾಕಿತು.

ಮುಚ್ಚಿದ್ದೇ ತಪ್ಪು ಎಂದು ನಾನು ಹೇಳುವುದಿಲ್ಲ. ಸಂಬಳ ಕೊಡಲಾಗದ ಸ್ಥಿತಿ ಬರುವವರೆಗೂ ಎಳೆದಾಡುವುದಕ್ಕಿಂತ ಬೇಗ ಬಾಗಿಲು ಹಾಕುವುದೇ ಮೇಲು. ಆದರೆ ದಿವಾಳಿ ಅರ್ಜಿಗೆ ಕೆಲವೇ ದಿನ ಮುಂಚೆ ಮೇಲಧಿಕಾರಿಗಳಿಗೆ ಸುಮಾರು 80 ಲಕ್ಷ ಡಾಲರ್ ಬೋನಸ್ ಸಿಕ್ಕಿತ್ತು. ಕಷ್ಟಕಾಲದಲ್ಲಿ ಅವರು ಬಿಟ್ಟುಹೋಗದಿರಲಿ ಎಂಬುದು ಅದಕ್ಕೆ ಕೊಟ್ಟ ಕಾರಣ. ಸರಿ, ಕೊನೆಯ ದಿನದವರೆಗೆ ಗಲ್ಲಾದಲ್ಲಿ ನಿಂತವರು? ಕೆಲಸ ಕಳೆದುಕೊಂಡ 30,000ಕ್ಕೂ ಹೆಚ್ಚು ಜನರಿಗೆ ಪರಿಹಾರವೆಂದು ಏನೂ ಸಿಗಲಿಲ್ಲ.

ಇದು ಕಾನೂನಿಗೆ ವಿರುದ್ಧವೂ ಅಲ್ಲ. ದೊಡ್ಡ ಕಂಪನಿ 60 ದಿನ ಮೊದಲು ನೋಟಿಸ್ ಕೊಡಬೇಕು ಎನ್ನುತ್ತದೆ ಅಮೆರಿಕದ ಕಾನೂನು. ಪರಿಹಾರ ಕೊಡಲೇಬೇಕು ಎನ್ನುವುದಿಲ್ಲ. ಕೆಲಸಗಾರರು ತಿಂಗಳುಗಟ್ಟಲೆ ಹೋರಾಡಿದ ಮೇಲೆ, 2018ರ ನವೆಂಬರಿನಲ್ಲಿ, ಆ ಮೂರು ಸಂಸ್ಥೆಗಳಲ್ಲಿ ಎರಡು ಸೇರಿ 2 ಕೋಟಿ ಡಾಲರ್ ತೆಗೆದಿಟ್ಟವು. ಹಾಗಾದರೆ ಮನಸ್ಸು ಮಾಡಿದ್ದರೆ ಮೊದಲೇ ಕೊಡಬಹುದಿತ್ತು, ಅಲ್ಲವೇ?

ನಮ್ಮ ಯುಗಾದಿ ಊಟದಲ್ಲಿ ಬಡಿಸುವವರು ಕೊನೆಯ ಪಂಕ್ತಿಗೆ ಕೂರುತ್ತಾರೆ. ಪಾಯಸ ಕಡಿಮೆ ಬಿದ್ದರೆ ಅವರಿಗೇ ಇಲ್ಲ. ಕಂಪನಿ ಮುಚ್ಚುವವರನ್ನೂ ನಾನು ಹಾಗೆಯೇ ಅಳೆಯುತ್ತೇನೆ. ಪಾತ್ರೆ ಖಾಲಿಯಾದದ್ದು ಅವರ ತಪ್ಪಲ್ಲದಿರಬಹುದು. ಖಾಲಿಯಾಗುತ್ತಿದೆ ಎಂದು ಗೊತ್ತಿದ್ದೂ ಮೊದಲು ತಾವೇ ಬಡಿಸಿಕೊಂಡರೆ ಅದು ತಪ್ಪು.

ನಿಮ್ಮ ಮನೆಯಲ್ಲೂ ಯಾರಾದರೂ ಹೀಗೆ ಕೆಲಸ ಕಳೆದುಕೊಂಡಿರಬಹುದು, ಅಥವಾ ಬೇರೆಯವರನ್ನು ಕೆಲಸದಿಂದ ತೆಗೆಯಬೇಕಾಗಿ ಬಂದಿರಬಹುದು. ಅವರನ್ನು ಕೇಳಿ ನೋಡಿ. ನನಗೂ ಬರೆದು ತಿಳಿಸಿ.