ಪದವಿ ಬೇರೆ, ಪರವಾನಗಿ ಬೇರೆ

ವೈದ್ಯಕೀಯ ಪ್ರವೇಶ ಪರೀಕ್ಷೆಯಾದ ‘ನೀಟ್’ನ ಫಲಿತಾಂಶವು ಹೊರಬೀಳುವ ದಿನಗಳಲ್ಲಿ ಒಂದು ಬಗೆಯ ಜಾಹೀರಾತುಗಳು ವರ್ಷಂಪ್ರತಿ ತಪ್ಪದೆ ಕಣ್ಣಿಗೆ ಬೀಳುತ್ತವೆ. ರಷ್ಯಾ, ಜಾರ್ಜಿಯಾ, ಕಿರ್ಗಿಸ್ತಾನ ಮೊದಲಾದ ದೇಶಗಳಿಗೆ ಹೋಗಿ ಅಲ್ಪ ವೆಚ್ಚದಲ್ಲಿ ಡಾಕ್ಟರಾಗಿ ಬರಬಹುದೆಂದು ಅವು ಸಾರುತ್ತವೆ. ಹೋಟೆಲಿನ ಸಪ್ಲಾಯರನಾಗಲಿ, ಕಚೇರಿಯ ಗುಮಾಸ್ತನಾಗಲಿ, ತನ್ನ ಮಗನೋ ಮಗಳೋ ಡಾಕ್ಟರಾಗಬೇಕೆಂದು ಬಯಸುವುದು ಅತ್ಯಾಸೆಯಲ್ಲ. ಅದು ಅಭಿಮಾನಪಡತಕ್ಕ ಆಸೆ. ಆದರೆ ಆ ಆಸೆಗಾಗಿ ಪ್ರಾವಿಡೆಂಟ್ ಫಂಡನ್ನು ಬರಿದು ಮಾಡುವ, ಊರಿನ ಮನೆಯನ್ನು ಅಡವಿಡುವ ಮುನ್ನ ತಿಳಿದುಕೊಳ್ಳಬೇಕಾದ ಸಂಗತಿಗಳು ಹಲವಿವೆ. ಜಾಹೀರಾತಿನಲ್ಲಿ ಅವು ಇರುವುದಿಲ್ಲವಾದ್ದರಿಂದ ಇಲ್ಲಿ ಬರೆಯಬೇಕಾಗಿದೆ.

ಮೊತ್ತಮೊದಲು ಮನಸ್ಸಿನಲ್ಲಿಡಬೇಕಾದ ಮಾತು ಒಂದೇ: ಪದವಿ ಬೇರೆ, ಪರವಾನಗಿ ಬೇರೆ. ಪದವಿಯನ್ನು ಕೊಡುವುದು ವಿಶ್ವವಿದ್ಯಾನಿಲಯ. ರೋಗಿಗೆ ಔಷಧ ಬರೆದುಕೊಡುವ ಅಧಿಕಾರವನ್ನು ಕೊಡುವುದು ಆಯಾ ದೇಶದ ಕಾಯಿದೆ. ಉಡುಪಿಯಲ್ಲಿ ಎಷ್ಟೇ ಹೆಸರಾದ ಅಡಿಗೆಭಟ್ಟರಾದರೂ ಮುಂಬಯಿಯಲ್ಲಿ ಹೋಟೆಲು ತೆರೆಯಬೇಕಾದರೆ ಇಲ್ಲಿಯ ಲೈಸೆನ್ಸು ಬೇಕೇ ಬೇಕು. ಊರಿನ ಹೊಗಳಿಕೆ ಇಲ್ಲಿಯ ಇನ್‌ಸ್ಪೆಕ್ಟರರ ಮುಂದೆ ನಡೆಯದು. ಒಂದು ತಟ್ಟೆ ಇಡ್ಲಿಗೇ ಈ ಕಟ್ಟಳೆ ಇರುವಾಗ ಮನುಷ್ಯನ ಪ್ರಾಣದ ವಿಷಯದಲ್ಲಿ ಅದು ಇರಬಾರದೆಂದು ಯಾರು ಹೇಳಿಯಾರು?

ಹೊರದೇಶದಲ್ಲಿ ಕಲಿತವರನ್ನು ಪರೀಕ್ಷಿಸುವುದು ಭಾರತವೊಂದೇ ಅಲ್ಲ. ಬ್ರಿಟನ್ನಿನ ಜನರಲ್ ಮೆಡಿಕಲ್ ಕೌನ್ಸಿಲು ನಮ್ಮ ಪದವಿಗಳಿಗೆ ಕೊಟ್ಟಿದ್ದ ಮಾನ್ಯತೆಯನ್ನು ೧೯೭೫ರಲ್ಲಿ ಹಿಂದೆಗೆದುಕೊಂಡಿತು. ಇಲ್ಲಿ ಎಂ.ಬಿ.ಬಿ.ಎಸ್. ಮುಗಿಸಿ ಅಲ್ಲಿಗೆ ಹೋಗುವ ಡಾಕ್ಟರರು ಸಾಮಾನ್ಯವಾಗಿ ‘ಪ್ಲಾಬ್’ ಎಂಬ ಎರಡು ಭಾಗಗಳ ಪರೀಕ್ಷೆಗೆ ಕೂರಬೇಕಾಗುತ್ತದೆ. ಮೊದಲನೆಯದು ೧೮೦ ಪ್ರಶ್ನೆಗಳ ಲಿಖಿತ ಪರೀಕ್ಷೆ. ಎರಡನೆಯದು ಮ್ಯಾಂಚೆಸ್ಟರ್ ನಗರದಲ್ಲಿ ನಡೆಯುವ ಪ್ರಾಯೋಗಿಕ ಪರೀಕ್ಷೆ. ಅಮೆರಿಕಕ್ಕೆ ಹೋಗುವವರಿಗೂ ಅಲ್ಲಿಯದೇ ಆದ ಪರೀಕ್ಷೆಗಳಿವೆ. ಆದುದರಿಂದ ವಿದೇಶದಲ್ಲಿ ಕಲಿತು ಬಂದವರನ್ನು ನಮ್ಮ ದೇಶವು ಪರೀಕ್ಷಿಸುವುದು ಅವಮಾನವೂ ಅಲ್ಲ, ಅನ್ಯಾಯವೂ ಅಲ್ಲ.

ಆ ಪರೀಕ್ಷೆಯ ಸ್ವರೂಪವನ್ನು ನೋಡೋಣ. ೨೦೦೨ರಿಂದ ನಡೆದುಬಂದಿರುವ ಇದನ್ನು ಎಫ್.ಎಂ.ಜಿ.ಇ. ಎಂದು ಕರೆಯುತ್ತಾರೆ. ರಾಷ್ಟ್ರೀಯ ಪರೀಕ್ಷಾ ಮಂಡಳಿಯು ವರ್ಷಕ್ಕೆ ಎರಡು ಸಲ ನಡೆಸುವ ಈ ಪರೀಕ್ಷೆಯಲ್ಲಿ ಒಂದೇ ದಿನ, ಎರಡು ಭಾಗಗಳಲ್ಲಿ, ೩೦೦ ಪ್ರಶ್ನೆಗಳಿರುತ್ತವೆ. ೧೫೦ ಅಂಕ ಬಂದರೆ ಉತ್ತೀರ್ಣ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಅರ್ಧಕ್ಕರ್ಧ ಅಂಕ ಸಾಕೆಂದಾಗ ಸುಲಭವೆಂದು ತೋರಬಹುದು. ಆದರೆ ೨೦೨೨ರಿಂದ ೨೦೨೪ರ ವರೆಗಿನ ಮೂರು ವರ್ಷಗಳಲ್ಲಿ ಉತ್ತೀರ್ಣರಾದವರ ಪ್ರಮಾಣವು ನೂರಕ್ಕೆ ಇಪ್ಪತ್ತೈದರ ಆಸುಪಾಸಿನಲ್ಲಿ ಅಥವಾ ಅದಕ್ಕೂ ಕೆಳಗೆ ಇದ್ದಿತು. ಎಂದರೆ ಪರೀಕ್ಷೆಗೆ ಕುಳಿತ ನಾಲ್ವರಲ್ಲಿ ಮೂವರು ಕೈಯಲ್ಲಿ ಪದವಿ ಇದ್ದೂ ಡಾಕ್ಟರರಾಗಲಿಲ್ಲ. ರಾಷ್ಟ್ರೀಯ ವೈದ್ಯಕೀಯ ಆಯೋಗದ ೨೦೧೯ರ ಕಾಯಿದೆಯು ಇದರ ಬದಲಿಗೆ, ಇಲ್ಲಿ ಕಲಿತವರಿಗೂ ಅಲ್ಲಿ ಕಲಿತವರಿಗೂ ಒಂದೇ ಆಗಿರುವ ‘ನೆಕ್ಸ್ಟ್’ ಎಂಬ ಪರೀಕ್ಷೆಯನ್ನು ವಿಧಿಸಿದೆ. ಅದು ಒಂದಕ್ಕಿಂತ ಹೆಚ್ಚು ಸಲ ಮುಂದೂಡಲ್ಪಟ್ಟಿದೆ.

ಇದಕ್ಕಿಂತ ಮುಖ್ಯವಾದುದು ಆಯೋಗದ ೨೦೨೧ರ ನವೆಂಬರ ೧೮ರ ನಿಯಮಾವಳಿ. ಹಿಂದಿರುಗಿ ಬಂದ ಮೇಲೆ ಪರೀಕ್ಷೆಗೆ ಕೂರಬಹುದೋ ಇಲ್ಲವೋ ಎಂಬುದು ಹೊರಡುವ ದಿನವೇ ನಿರ್ಣಯವಾಗಿಬಿಡುವುದು ಇದರಿಂದಲೇ. ಕಲಿಕೆಯು ಕನಿಷ್ಠ ೫೪ ತಿಂಗಳು ಇರಬೇಕು. ಅದರ ಮೇಲೆ ೧೨ ತಿಂಗಳ ಇಂಟರ್ನ್‌ಶಿಪ್ಪನ್ನು ಅದೇ ಸಂಸ್ಥೆಯಲ್ಲಿ ಮುಗಿಸಬೇಕು. ಪಾಠವು ಇಂಗ್ಲಿಷಿನಲ್ಲಿ ನಡೆಯಬೇಕು. ನಡುವೆ ಕಾಲೇಜು ಬದಲಾಯಿಸುವಂತಿಲ್ಲ. ಸೇರಿದ ದಿನದಿಂದ ಹತ್ತು ವರ್ಷಗಳೊಳಗೆ ಎಲ್ಲವೂ ಮುಗಿಯಬೇಕು. ಇನ್ನೊಂದು ನಿಯಮವನ್ನು ಬಹುಮಂದಿ ಗಮನಿಸುವುದೇ ಇಲ್ಲ: ಯಾವ ದೇಶದಲ್ಲಿ ಕಲಿತರೋ ಆ ದೇಶದಲ್ಲಿ ಅಲ್ಲಿಯ ಪ್ರಜೆಗಳಿಗೆ ಸಮನಾಗಿ ವೈದ್ಯವೃತ್ತಿ ನಡೆಸುವ ಅರ್ಹತೆ ಇವರಿಗೂ ಇರಬೇಕು. ಪರದೇಶದವರಿಗೆ ಪದವಿ ಕೊಟ್ಟು ವೃತ್ತಿಯ ಹಕ್ಕನ್ನು ಕೊಡದ ದೇಶದಲ್ಲಿ ಕಲಿತರೆ ಆ ಕಾಗದಕ್ಕೆ ಇಲ್ಲಿ ಬೆಲೆಯಿಲ್ಲ. ಇದಲ್ಲದೆ, ವಿದೇಶಕ್ಕೆ ಹೋಗುವವರಿಗೂ ‘ನೀಟ್’ನಲ್ಲಿ ಅರ್ಹತೆ ಪಡೆಯುವುದು ೨೦೧೮ರಿಂದ ಕಡ್ಡಾಯವಾಗಿದೆ. ‘ನೀಟ್ ಬೇಡ, ನಾವು ನೋಡಿಕೊಳ್ಳುತ್ತೇವೆ’ ಎನ್ನುವ ದಲ್ಲಾಳಿಯ ಅಂಗಡಿಯಿಂದ ಆ ಮಾತು ಮುಗಿಯುವ ಮುಂಚೆಯೇ ಎದ್ದು ಬರುವುದು ಲೇಸು.

ಆಯೋಗವು ವಿದೇಶದ ಕಾಲೇಜುಗಳ ಯಾವ ಮಾನ್ಯ ಪಟ್ಟಿಯನ್ನೂ ಮಾಡಿಲ್ಲವೆಂಬುದು ಬಹು ಜನರಿಗೆ ಗೊತ್ತಿಲ್ಲ. ‘ನಮ್ಮದು ಆಯೋಗದ ಅನುಮೋದನೆ ಪಡೆದ ಕಾಲೇಜು’ ಎಂದು ಯಾರಾದರೂ ಹೇಳಿದರೆ ಅದು ಸುಳ್ಳು. ಮೇಲಿನ ನಿಯಮಗಳಿಗೆ ಆ ಕಾಲೇಜು ಸರಿಹೋಗುತ್ತದೆಯೇ ಎಂದು ನೋಡುವ ಹೊಣೆಯನ್ನು ವಿದ್ಯಾರ್ಥಿಯ ಮೇಲೆಯೇ ಹೊರಿಸಲಾಗಿದೆ.

ಪರೀಕ್ಷೆಯಲ್ಲಿ ಗೆದ್ದವರ ದಾರಿಯೂ ಅಲ್ಲಿಗೆ ಮುಗಿಯದು. ರಾಜ್ಯದ ವೈದ್ಯಕೀಯ ಮಂಡಳಿಯಲ್ಲಿ ತಾತ್ಕಾಲಿಕ ನೋಂದಣಿ ಮಾಡಿಸಿ, ಭಾರತದಲ್ಲಿ ಮತ್ತೆ ೧೨ ತಿಂಗಳ ಇಂಟರ್ನ್‌ಶಿಪ್ ಮುಗಿಸಿದ ಮೇಲೆಯೇ ಶಾಶ್ವತ ನೋಂದಣಿ ದೊರೆಯುತ್ತದೆ. ಈ ಇಂಟರ್ನ್‌ಶಿಪ್ಪಿಗಾಗಿ ಕಾಲೇಜುಗಳು ಇವರಿಂದ ಶುಲ್ಕ ವಸೂಲು ಮಾಡಕೂಡದೆಂದೂ, ಇಲ್ಲಿ ಕಲಿತವರಿಗೆ ಸಲ್ಲುವಷ್ಟೇ ಸ್ಟೈಪೆಂಡನ್ನು ಇವರಿಗೂ ಸಲ್ಲಿಸಬೇಕೆಂದೂ ಆಯೋಗವು ೨೦೨೨ರಲ್ಲಿ ಹೇಳಿದೆ. ಹಣ ಕೇಳಿದ ಕಡೆಯಲ್ಲಿ ಆ ಸುತ್ತೋಲೆಯನ್ನು ತೋರಿಸಲು ಅಂಜಬೇಕಾದುದಿಲ್ಲ.

ಹಾಗಾದರೆ ಮಕ್ಕಳು ಹೋಗಲೇಬಾರದೆ? ನಾವು ಹಾಗೆನ್ನುವುದಿಲ್ಲ. ೨೦೨೪ರಲ್ಲಿ ೨೩ ಲಕ್ಷಕ್ಕೂ ಮಿಕ್ಕಿ ವಿದ್ಯಾರ್ಥಿಗಳು ‘ನೀಟ್’ಗೆ ಕುಳಿತರು, ದೇಶದಲ್ಲಿದ್ದ ಎಂ.ಬಿ.ಬಿ.ಎಸ್. ಸ್ಥಾನಗಳು ಲಕ್ಷದ ಮೇಲೆ ಕೆಲವು ಸಾವಿರ ಮಾತ್ರ. ಅವುಗಳಲ್ಲಿಯೂ ಖಾಸಗಿ ಕಾಲೇಜುಗಳ ಶುಲ್ಕವು ಸಂಬಳಗಾರನ ಕೈಗೆ ಎಟಕುವಂಥದಲ್ಲ. ಮಕ್ಕಳು ಪರದೇಶಕ್ಕೆ ಹೋಗುವುದು ಮೋಜಿಗಾಗಿ ಅಲ್ಲ, ಬೇರೆ ಬಾಗಿಲು ಇಲ್ಲದ್ದರಿಂದ. ೨೦೨೨ರ ಮಾರ್ಚ್ ೧ರಂದು ಯುಕ್ರೇನಿನ ಖಾರ್ಕಿವ್ ನಗರದಲ್ಲಿ ಹಾವೇರಿ ಜಿಲ್ಲೆಯ ವೈದ್ಯಕೀಯ ವಿದ್ಯಾರ್ಥಿಯೊಬ್ಬನು ಯುದ್ಧಕ್ಕೆ ಬಲಿಯಾದಾಗ ಈ ಸತ್ಯವು ಕನ್ನಡ ನಾಡಿಗೆಲ್ಲ ಮನದಟ್ಟಾಯಿತು. ಜೀವ ಉಳಿಸಿಕೊಂಡು ಬಂದ ಸಾವಿರಾರು ಮಂದಿ ನಡುವೆ ನಿಂತ ಕಲಿಕೆಯನ್ನು ಹಿಡಿದುಕೊಂಡು ಆಯೋಗದ, ನ್ಯಾಯಾಲಯಗಳ ಬಾಗಿಲು ಬಡಿದರು.

ಆದುದರಿಂದ ಸರಕಾರಕ್ಕೆ ನಮ್ಮ ಬಿನ್ನಹವಿಷ್ಟೆ. ಪರೀಕ್ಷೆಯನ್ನು ಸಡಿಲಿಸಬೇಕೆಂದು ನಾವು ಕೇಳುವುದಿಲ್ಲ; ಅರೆಕಲಿತ ಡಾಕ್ಟರನ ಕೈಗೆ ಮೊದಲು ಸಿಕ್ಕುವವನು ಬಡವನೇ. ಆದರೆ ಹೋದವನು ಸೋತು ಬಂದ ಮೇಲೆ ನಿಯಮ ಹೇಳುವುದಕ್ಕಿಂತ ಹೋಗುವ ಮುಂಚೆ ಹೇಳುವುದು ಧರ್ಮ. ಯಾವ ಕಾಲೇಜಿನಿಂದ ಬಂದವರು ಎಷ್ಟು ಮಂದಿ ಗೆದ್ದರೆಂಬ ಲೆಕ್ಕವನ್ನು ಪರೀಕ್ಷಾ ಮಂಡಳಿಯು ಹಿಂದೆ ಪ್ರಕಟಿಸಿದ್ದುಂಟು. ಅದನ್ನು ಪ್ರತಿವರ್ಷವೂ, ಕನ್ನಡವೂ ಸೇರಿದಂತೆ ಎಲ್ಲ ದೇಶಭಾಷೆಗಳಲ್ಲಿ, ‘ನೀಟ್’ ಫಲಿತಾಂಶದ ದಿನವೇ ಹೊರಡಿಸಲಿ. ದಲ್ಲಾಳಿಗಳನ್ನು ನೋಂದಣಿಗೆ ಒಳಪಡಿಸಿ, ಸುಳ್ಳು ಭರವಸೆ ಕೊಟ್ಟವರನ್ನು ದಂಡಿಸಲಿ.

ನಮ್ಮ ಸಂಘಸಂಸ್ಥೆಗಳಿಗೂ ಒಂದು ಮಾತು. ನಾಟಕ, ಸನ್ಮಾನಗಳ ನಡುವೆ ಒಂದು ಭಾನುವಾರವನ್ನು ಇದಕ್ಕೆ ಮೀಸಲಿಡಬಾರದೆ? ವಿದೇಶದಲ್ಲಿ ಕಲಿತು ಇಲ್ಲಿ ಗೆದ್ದವರನ್ನೂ, ಇನ್ನೂ ಗೆಲ್ಲದವರನ್ನೂ ಕರೆಸಿ ಪಾಲಕರೊಡನೆ ಮಾತನಾಡಿಸಿದರೆ ಅದು ಹತ್ತು ಶಾಲು-ಹಾರಗಳಿಗಿಂತ ಮಿಗಿಲಾದ ಸೇವೆಯಾದೀತು.

ಪಾಲಕರು ಹಣ ಕಟ್ಟುವ ಮೊದಲು ನಾಲ್ಕು ಪ್ರಶ್ನೆಗಳಿಗೆ ಬರವಣಿಗೆಯಲ್ಲಿ ಉತ್ತರ ಪಡೆಯಲಿ. ಕಲಿಕೆ ಎಷ್ಟು ತಿಂಗಳು? ಇಂಟರ್ನ್‌ಶಿಪ್ ಅದೇ ಸಂಸ್ಥೆಯಲ್ಲಿ ಉಂಟೆ? ಪಾಠ ಪೂರ್ತಿ ಇಂಗ್ಲಿಷಿನಲ್ಲಿಯೇ? ಮುಗಿದ ಮೇಲೆ ಆ ದೇಶದಲ್ಲಿ ನಮ್ಮ ಮಗುವಿಗೆ ವೃತ್ತಿಯ ಹಕ್ಕುಂಟೆ? ಉತ್ತರ ಬಂದ ಮೇಲೂ ಅದನ್ನು ಆಯೋಗದ ನಿಯಮಾವಳಿಯೊಡನೆ ಒರೆಹಚ್ಚಿ ನೋಡಲಿ. ಇಂಗ್ಲಿಷು ಬಾರದಿದ್ದರೆ ಬಲ್ಲವರಿಂದ ಓದಿಸಲಿ. ಬರೆದು ಕೊಡಲು ಹಿಂಜರಿಯುವವನ ಕೈಗೆ ಇಪ್ಪತ್ತು ವರ್ಷಗಳ ಗಳಿಕೆಯನ್ನು ಒಪ್ಪಿಸುವುದು ಸಲ್ಲದು.