ದುಡ್ಡು ನಂದು, ಪ್ರಕಾಶಕ ಅವ್ರು!

ಮೊನ್ನೆ ಊರಿಗೆ ಹೋಗಿದ್ದಾಗ ಜೋರು ಮಳೆ ಬಂತು ಅಂತ ಲೈಬ್ರರಿ ಒಳಗೆ ನುಗ್ಗಿದೆ. ಕಥೆ ಪುಸ್ತಕಗಳ ಕಪಾಟಿನಲ್ಲಿ ನನ್ನದೇ ಸಂಕಲನ ಕೂತಿತ್ತು! ಒಳಪುಟದಲ್ಲಿ ಗ್ರಂಥಾಲಯ ಇಲಾಖೆಯ ಸೀಲು. ಖುಷಿಯಾಗ್ಬೇಕಿತ್ತು ತಾನೆ? ಹೊಟ್ಟೆ ಉರೀತು. ಇಲಾಖೆ ನನ್ನ ಪುಸ್ತಕ ಕೊಂಡಿದೆ ಅನ್ನೋದೇ ನನಗೆ ಗೊತ್ತಿರಲಿಲ್ಲ.

ಆಗಿದ್ದಿಷ್ಟು. ನಾಲ್ಕು ವರ್ಷದ ಹಿಂದೆ ಒಬ್ಬ ಪ್ರಕಾಶಕರು ಫೋನ್ ಮಾಡಿ "ನಿಮ್ಮ ಕಥೆಗಳು ಚೆನ್ನಾಗಿವೆ ಸಾರ್, ಸಂಕಲನ ತರೋಣ" ಅಂದರು. ನೆಲದ ಮೇಲೆ ಕಾಲು ನಿಲ್ಲಲಿಲ್ಲ ನನಗೆ. ಆಮೇಲೆ ಖರ್ಚಿನ ಪಟ್ಟಿ ಬಂತು: ಡಿಟಿಪಿ, ಮುಖಪುಟ, ಕಾಗದ, ಬೈಂಡಿಂಗ್, ಐಎಸ್‌ಬಿಎನ್ ಶುಲ್ಕ... ಒಟ್ಟು 42 ಸಾವಿರ. ಕೊಟ್ಟೆ. ನನ್ನ ಪಾಲಿಗೆ 200 ಪ್ರತಿ ಬಂದವು, ಅರ್ಧ ಇನ್ನೂ ಮಂಚದ ಕೆಳಗಿವೆ. ರಾಯಲ್ಟಿ ಕೇಳಿದರೆ "ಸಾಹಿತ್ಯಸೇವೆಗೆ ಬಂದಿದ್ದೀರೋ, ದುಡ್ಡು ಮಾಡೋಕೋ?" ಅಂತ ನನಗೇ ಪಾಠ. ಕರಾರುಪತ್ರ? ಕೇಳೋಕೇ ಸಂಕೋಚ ಆಗಿತ್ತು.

ಸ್ವಂತ ಖರ್ಚಲ್ಲಿ ಪುಸ್ತಕ ತರೋದು ಅವಮಾನ ಅಂತ ನಾನು ಹೇಳ್ತಿಲ್ಲ. ಗಳಗನಾಥರು ತಮ್ಮ ಪುಸ್ತಕದ ಗಂಟು ಹೊತ್ತು ಊರೂರು ತಿರುಗಿ ಮಾರಿದರು. ಶಿವರಾಮ ಕಾರಂತರು ಪುತ್ತೂರಿನಲ್ಲಿ ಸ್ವಂತ ಅಚ್ಚುಕೂಟವನ್ನೇ ನಡೆಸಿದರು. ನಷ್ಟ ಆದರೆ ತಮ್ಮದು, ನಾಲ್ಕು ಕಾಸು ಬಂದರೆ ಅದೂ ತಮ್ಮದು. ಬಂಡವಾಳ ಹಾಕಿ ನಷ್ಟದ ಭಯ ಹೊರುವವನೇ ಅಲ್ವಾ ಪ್ರಕಾಶಕ? ಈಗಿನ ಏರ್ಪಾಟಲ್ಲಿ ನಷ್ಟ ಬರೆದವನಿಗೆ, ಲಾಭ ಇನ್ನೊಬ್ಬರಿಗೆ. ಇದನ್ನು ಪ್ರಕಾಶನ ಅನ್ನಬೇಡಿ. ಪ್ರಿಂಟಿಂಗ್ ಕೆಲಸ ಅನ್ನಿ, ಲೆಕ್ಕ ಕೊಡಿ, ಮುಗೀತು.

ಪ್ರಕಾಶಕರ ಕಷ್ಟ ನನಗೆ ಗೊತ್ತಿಲ್ಲ ಅಂತಲ್ಲ. ಕಾಗದದ ಬೆಲೆ ಏರುತ್ತೆ, ಸಗಟು ಖರೀದಿಯ ಹಣ ಬೇಗ ಕೈಗೆ ಬರಲ್ಲ. ಹಸ್ತಪ್ರತಿ ಓದಿ, ತಿದ್ದಿಸಿ, ತಮ್ಮದೇ ದುಡ್ಡು ಹಾಕಿ, ವರ್ಷಕ್ಕೊಮ್ಮೆ ಲೆಕ್ಕ ಕಳಿಸುವವರೂ ಇದ್ದಾರೆ. ಅವರ ಹೆಸರು ಕೆಡಿಸುತ್ತಿರುವವರೂ ಇದೇ ಮಂದಿ.

ಈಗ ನಮ್ಮ ತಪ್ಪಿಗೆ ಬರೋಣ. ಮುನ್ನುಡಿ ಯಾರದು, ಬಿಡುಗಡೆಗೆ ಯಾರು ಬರ್ತಾರೆ, ಫೋಟೋ ಯಾವ ಪತ್ರಿಕೆಯಲ್ಲಿ... ಇಷ್ಟೇ ನಮ್ಮ ಯೋಚನೆ. 1957ರ ಕೃತಿಸ್ವಾಮ್ಯ ಕಾಯ್ದೆಯ 19ನೇ ಕಲಂ ಓದಿದವರು ನಮ್ಮಲ್ಲಿ ಎಷ್ಟು ಜನ? ಬರಹದಲ್ಲಿ, ಲೇಖಕರ ಸಹಿಯೊಂದಿಗೆ ಕೊಡದ ಹೊರತು ಕೃತಿಸ್ವಾಮ್ಯ ಇನ್ನೊಬ್ಬರಿಗೆ ಹೋಗುವುದೇ ಇಲ್ಲ. ಕರಾರಿನಲ್ಲಿ ರಾಯಲ್ಟಿ ಎಷ್ಟು ಅಂತ ನಮೂದಿಸಬೇಕು. ಅವಧಿ ಬರೆಯದಿದ್ದರೆ ಐದೇ ವರ್ಷ ಅಂತ ಲೆಕ್ಕ. ಇನ್ನು ಆ ಐಎಸ್‌ಬಿಎನ್ ಶುಲ್ಕ! ನಮ್ಮ ದೇಶದಲ್ಲಿ ಅದನ್ನು ಕೇಂದ್ರ ಸರ್ಕಾರದ ರಾಜಾ ರಾಮಮೋಹನ ರಾಯ್ ಏಜೆನ್ಸಿ ಪುಕ್ಕಟೆ ಕೊಡುತ್ತೆ, ಲೇಖಕರೇ ಅರ್ಜಿ ಹಾಕಬಹುದು. ನಾನು ಅದಕ್ಕೂ ದುಡ್ಡು ತೆತ್ತ ಜಾಣ :-)

2025ರಲ್ಲಿ ಬಾನು ಮುಷ್ತಾಕ್ ಅವರ ಕಥೆಗಳಿಗೆ ಅಂತಾರಾಷ್ಟ್ರೀಯ ಬೂಕರ್ ಬಂದಾಗ ನಾವೆಲ್ಲ ಕುಣಿದಾಡಿದೆವು. ಆ 50 ಸಾವಿರ ಪೌಂಡಿನಲ್ಲಿ ಅರ್ಧ ಅವರಿಗೆ, ಅರ್ಧ ಅನುವಾದಕಿ ದೀಪಾ ಭಾಸ್ತಿ ಅವರಿಗೆ ಅಂತ ನಿಯಮದಲ್ಲೇ ಇತ್ತು. ಹಾಗೆ ಮೊದಲೇ ಬರೆದಿಟ್ಟಿದ್ದರಿಂದ ಸಾಹಿತ್ಯಕ್ಕೇನೂ ಮೈಲಿಗೆ ಆಗಲಿಲ್ಲವಲ್ಲ!

ಮೊದಲ ಪುಸ್ತಕ ತರುವ ಆಸೆಯಲ್ಲಿರೋ ಗೆಳೆಯರೇ, ದುಡ್ಡು ಕೊಡೋದೇ ಆದರೆ ಮುದ್ರಣದವರಿಗೆ ನೇರವಾಗಿ ಕೊಡಿ, ಪ್ರಕಾಶಕರ ಜಾಗದಲ್ಲಿ ನಿಮ್ಮ ಹೆಸರೇ ಹಾಕಿ. ಇಲ್ಲಾಂದ್ರೆ ಸಹಿ ಮಾಡಿದ ಕರಾರು ಕೈಗೆ ಬರೋವರೆಗೂ ಹಸ್ತಪ್ರತಿ ಕೊಡಬೇಡಿ. ಸಂಕೋಚ ಬೇಡ. ನನ್ನ ಸಂಕೋಚದ ಬೆಲೆ 42 ಸಾವಿರ.

ಎಷ್ಟು ಪ್ರತಿ ಅಚ್ಚಾಯಿತು, ಎಷ್ಟು ಮಾರಾಟವಾಯಿತು ಅಂತ ಲೆಕ್ಕ ಕೇಳಿ ಒಂದು ಕಾಗದ ಬರೆದಿಟ್ಟಿದ್ದೇನೆ. ನಾಳೆ ಸ್ಪೀಡ್ ಪೋಸ್ಟಿಗೆ ಹಾಕ್ತೀನಿ. ಉತ್ತರ ಬಂದರೆ ಇಲ್ಲೇ ಬರೀತೀನಿ. ಬಾರದಿದ್ದರೂ...